ಕೂಸಿನ ಕುಲಾವಿ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರೆಂಬುದು ಕನ್ನಡಿಗರಲ್ಲಿ ಮನೆಮಾತಾದ ಗಾದೆ. ಆತುರಗಾರರನ್ನು ಹಾಸ್ಯಮಾಡಲು ಅದನ್ನು ಬಳಸುವುದು ವಾಡಿಕೆ. ಆದರೆ ಆ ಹಾಸ್ಯದ ಕೆಳಗೆ ಒಂದು ವಿವೇಕವೂ ಅಡಗಿದೆ. ತೊಡುವವರ ಅಳತೆಯನ್ನರಿಯದೆ ತೊಡಿಗೆಯನ್ನು ಸಿದ್ಧಪಡಿಸಲಾಗದು. ಪಡೆಯುವವರ ಅವಶ್ಯಕತೆಯನ್ನರಿಯದೆ ಕೊಡುಗೆಯನ್ನು ನಿಶ್ಚಯಿಸಲಾಗದು. ಧಾರವಾಡ ಸೀಮೆಯ ನಿವೃತ್ತ ಶಿಕ್ಷಕಿಯೊಬ್ಬರ ಬಾಳಿನಲ್ಲಿ ಈ ಗಾದೆ ಅಕ್ಷರಶಃ ನಡೆದುಹೋಯಿತು.

ಅವರು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಬಹುಕಾಲ ಹೊಲಿಗೆ-ಹೆಣಿಗೆಗಳನ್ನು ಕಲಿಸಿದವರು; ಊರಿನ ಎರಡು ತಲೆಮಾರುಗಳಿಗೆ 'ಅಕ್ಕೋರು'. ಹೆಣಿಗೆಯ ಮೊದಲ ಪಾಠವನ್ನು ಅವರು ಸದಾ ಒಂದೇ ರೀತಿಯಲ್ಲಿ ಆರಂಭಿಸುತ್ತಿದ್ದರು. ನೇಯ್ಗೆಗೆ ಹಾಸು ಬೇಕು, ಹೊಕ್ಕು ಬೇಕು, ಮಗ್ಗ ಬೇಕು. ಹೆಣಿಗೆಗೆ ಬೇಕಾದುದು ಒಂದೇ ಎಳೆ, ಎರಡು ಕಡ್ಡಿ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆಯುತ್ತ ಹೋದರೆ ಬಟ್ಟೆಯಾಗುತ್ತದೆ. ಪ್ರತಿಯೊಂದು ಕುಣಿಕೆಯೂ ತನ್ನ ಕೆಳಗಿನದನ್ನು ಹಿಡಿದು ನಿಂತಿರುವುದರಿಂದ ಒಂದು ಜಾರಿದರೆ ಅದರ ಕೆಳಗಿನವೂ ಒಂದೊಂದಾಗಿ ಜಾರುತ್ತವೆ. ಕಡ್ಡಿಗಳ ಸಂಖ್ಯೆ ಹೆಚ್ಚಿದಂತೆ ಕಡ್ಡಿ ತೆಳ್ಳಗಾಗುತ್ತದೆಂಬುದನ್ನು ಕೇಳಿ ಮಕ್ಕಳು ಪ್ರತಿವರ್ಷವೂ ಅಚ್ಚರಿಪಡುತ್ತಿದ್ದರು.

ಹೆಣಿಗೆಯು ಈ ನಾಡಿನ ಪ್ರಾಚೀನ ಕಸುಬಲ್ಲ; ಹತ್ತೊಂಬತ್ತನೆಯ ಶತಮಾನದಲ್ಲಿ ಮಿಶನರಿಗಳ ಶಾಲೆಗಳ ಮೂಲಕ ಮನೆಗಳನ್ನು ಸೇರಿದ ವಿದ್ಯೆ. ಅದಕ್ಕೂ ಮೊದಲು ಇಲ್ಲಿಯ ಕೂಸುಗಳಿಗೆ ಹಳೆಯ ಸೀರೆಗಳ ಕೌದಿಯಿತ್ತು, ಖಣದ ಕುಂಚಿಗೆಯಿತ್ತು. ಆದರೆ ಎಳೆಯ ಮೇಲಿನ ಗೌರವ ಮಾತ್ರ ಈ ನೆಲಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ನೂಲುವ ಕದಿರ ರೆಮ್ಮವ್ವೆಯಿದ್ದಳು, ಸೂಜಿಕಾಯಕದ ರಾಮಿತಂದೆಯಿದ್ದನು. ನೇಕಾರ ಜೇಡರ ದಾಸಿಮಯ್ಯನ ಹೆಸರನ್ನು ಅರಿಯದವರಿಲ್ಲ. ಕದಿರು, ಸೂಜಿ, ಮಗ್ಗಗಳು ಅವರಿಗೆ ಹೊಟ್ಟೆಯ ಪಾಡಿನ ಸಾಧನಗಳೂ ಹೌದು, ಅನುಭಾವದ ಸಾಧನಗಳೂ ಹೌದು. ಹೊರಗಿನಿಂದ ಬಂದ ಹೆಣಿಗೆಯ ಕಡ್ಡಿಗೂ ಆ ಸಾಲಿನಲ್ಲಿ ಒಂದು ಎಡೆ ದೊರೆಯಬಾರದೇಕೆ?

ಕೆಲವು ವರ್ಷಗಳ ಹಿಂದೆ ಅಕ್ಕೋರ ಮಗಳು ಚೊಚ್ಚಲ ಬಾಣಂತನಕ್ಕಾಗಿ ತವರಿಗೆ ಬಂದಳು. ಬರಲಿರುವ ಮೊಮ್ಮಗುವಿಗೆ ತಾಯಿಯೇ ಕುಲಾವಿಯನ್ನು ಹೆಣೆಯತೊಡಗಿದರು. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ ಇರುವ ಮನೆ ಅದು. ಬೆಂಕಿ ತಗುಲಿದರೆ ಅಕ್ರಿಲಿಕ್ ನೂಲು ಕರಗಿ ಮೈಗೆ ಅಂಟಿಕೊಳ್ಳುತ್ತದೆ, ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳದು. ಆದುದರಿಂದ ಬೆಲೆ ಹೆಚ್ಚಾದರೂ ಮೃದುವಾದ ಉಣ್ಣೆಯನ್ನೇ ತರಿಸಿದರು. ದಿನತುಂಬಿದ ಕೂಸಿನ ತಲೆಯ ಸುತ್ತಳತೆ ಸುಮಾರು 14 ಇಂಚು. ಇಂಚಿಗೆ 6 ಕುಣಿಕೆಗಳಂತೆ 84 ಕುಣಿಕೆಗಳನ್ನು ಹಾಕಿದರು. ತಮಗೆ ಬಲ್ಲ ಕುಸುರಿಯನ್ನೆಲ್ಲ ಅದರಲ್ಲಿ ತೋರಿದರು. ನೆತ್ತಿಗೆ ಒಂದು ಗೊಂಡೆಯನ್ನೂ ಕಟ್ಟಿದರು. ನೋಡಿದವರೆಲ್ಲ ಮೆಚ್ಚಿದರು.

ಮಗು ಒಂದು ತಿಂಗಳಿಗೂ ಮಿಗಿಲಾಗಿ ಮುಂಚಿತವಾಗಿಯೇ ಜನಿಸಿತು. ತೂಕ 1,900 ಗ್ರಾಂ. ಮಾರ್ಗಶಿರದ ಚಳಿ. 2,500 ಗ್ರಾಮಿಗಿಂತ ಕಡಿಮೆ ತೂಕದ ಕೂಸಿಗೆ ಚಳಿಯೇ ಮೊದಲ ಶತ್ರು. ಮೈಯಲ್ಲಿ ಕೊಬ್ಬಿಲ್ಲ, ದೇಹಕ್ಕೆ ಹೋಲಿಸಿದರೆ ತಲೆಯೇ ದೊಡ್ಡದು, ಆ ತಲೆಯಿಂದಲೇ ಶಾಖ ಸೋರಿಹೋಗುತ್ತದೆ. ಇಂಥ ಕೂಸನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಕಾಪಾಡುವ ಕ್ರಮವೊಂದುಂಟು. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದ ವೈದ್ಯರು ಆರಂಭಿಸಿದ ಆ 'ಕಾಂಗರೂ ಆರೈಕೆ' ಇಂದು ಭಾರತದ ಆಸ್ಪತ್ರೆಗಳಲ್ಲಿಯೂ ನಡೆದಿದೆ. ಅದರಲ್ಲಿ ಕೂಸಿಗೆ ಬೇಕಾಗುವ ಉಡುಗೆ ಅತ್ಯಲ್ಪ. ಆ ಅಲ್ಪದಲ್ಲಿ ಕುಲಾವಿಗೆ ಪ್ರಮುಖ ಸ್ಥಾನ.

ಅಕ್ಕೋರು ತಮ್ಮ ಕುಲಾವಿಯನ್ನು ಮುಂದೆ ಮಾಡಿದರು. ದಾದಿ ಅದನ್ನು ತೊಡಿಸಿ ನೋಡಿ ಹಿಂದಿರುಗಿಸಿದಳು. "ಕಣ್ಣ ಮ್ಯಾಲೆ ಜಾರತೈತ್ರಿ ಅವ್ವಾರ. ಸಣ್ಣದು ಬೇಕ್ರಿ, ತಲಿಗೆ ಹತ್ತಿ ಕೂಡೂವಂಥಾದ್ದು."

ಆ ಸಂಜೆ ಅವರು ಗೊಂಡೆಯನ್ನು ಕತ್ತರಿಸಿ ಕುಲಾವಿಯನ್ನು ಬಿಚ್ಚತೊಡಗಿದರು. ಮಗಳು ಮಲಗಿದಲ್ಲಿಂದಲೇ ತಡೆದಳು. "ಬಿಚ್ಚಬ್ಯಾಡಬೇ ಅವ್ವಾ, ಎರಡ ತಿಂಗಳ ಹೆಣದೀ. ಪ್ಯಾಟ್ಯಾಗ ಸಿಗತಾವು."

"ಪ್ಯಾಟ್ಯಾಗಿಂದು ಪ್ಯಾಟಿ ಅಳತಿದು ಇರತೈತಿ," ಎಂದರು ತಾಯಿ. "ಈ ಕೂಸಿನ ತಲಿ ಇನ್ನಾ ಆ ಅಳತಿಗೆ ಬಂದಿಲ್ಲವಾ."

ಕೂಸಿನ ತಲೆ 12 ಇಂಚು. ಹೆಣಿಗೆ ಹಿಗ್ಗುವಂಥದು, ತಲೆಗಿಂತ ತುಸು ಕಿರಿದಾಗಿದ್ದರೆ ಮಾತ್ರ ಹಿತವಾಗಿ ಹಿಡಿದು ನಿಲ್ಲುತ್ತದೆ. ಆದುದರಿಂದ 64 ಕುಣಿಕೆಗಳು. ಅಂಚಿಗೆ ಎರಡು ನೇರ, ಎರಡು ತಿರುವು. ಮೇಲೆ ಯಾವ ಚಿತ್ತಾರವೂ ಇಲ್ಲದ ಸಾದಾ ಹೆಣಿಗೆ. ನೆತ್ತಿಯ ಬಳಿ 64ನ್ನು ಎಂಟೆಂಟರ ಎಂಟು ಪಾಲುಮಾಡಿ, ಸಾಲು ಬಿಟ್ಟು ಸಾಲಿಗೆ ಪ್ರತಿ ಪಾಲಿನಿಂದಲೂ ಒಂದೊಂದನ್ನು ಇಳಿಸುತ್ತ ಬಂದರು. ಕೊನೆಗುಳಿದ ಎಂಟು ಕುಣಿಕೆಗಳಲ್ಲಿ ಎಳೆಯನ್ನು ತೂರಿಸಿ ಬಿಗಿದು, ಹಿಂಬದಿಯ ಅಂಚುಗಳನ್ನು ಸೂಜಿಯಿಂದ ಕೂಡಿಸಿದರು. ಕೊರಳಿಗೆ ಸುತ್ತಿಕೊಳ್ಳಬಲ್ಲ ದಾರವಿಲ್ಲ, ಬಾಯಿಗೆ ಸಿಗಬಲ್ಲ ಮಣಿಯಿಲ್ಲ. ನಸುಕಿನಲ್ಲಿ ಒಗೆದು ಆರಿಸಿ, ಮಧ್ಯಾಹ್ನದೊಳಗೆ ದಾದಿಯ ಕೈಗೆ ಒಪ್ಪಿಸಿದರು. ಮೂವತ್ತು ವರ್ಷಗಳ ಕೈಚಳಕವನ್ನು ಬಲ್ಲವರು ಹೊಸದಾಗಿ ಕಲಿಯುವ ಬಾಲಕಿಯೂ ಹೆಣೆಯಬಲ್ಲಂಥ ಕುಲಾವಿಯನ್ನು ಹೆಣೆದಿದ್ದರು. ಅದು ತಲೆಗೆ ಸರಿಯಾಗಿ ಕುಳಿತಿತು.

ಮಗು ತಾಯಿಯ ಎದೆಯ ಬಿಸುಪಿನಲ್ಲಿ ದಿನಕ್ಕಿಷ್ಟು ಗ್ರಾಂ ಎಂಬಂತೆ ಕೂಡಿಕೊಂಡು ಮನೆ ಸೇರಿತು. ಮೂರು ತಿಂಗಳಿಗೆ ಕುಲಾವಿ ಬಿಗಿಯಾಯಿತು. ಅಕ್ಕೋರು ಮತ್ತೆ ಬಿಚ್ಚಿದರು. ಬಿಚ್ಚಿದ ಉಣ್ಣೆ ಹೆಣಿಗೆಯ ನೆನಪನ್ನು ಬಿಡದೆ ಸುರುಳಿಸುರುಳಿಯಾಗಿರುತ್ತದೆ. ಅದನ್ನು ಲಡಿಯಾಗಿ ಸುತ್ತಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಕೆಳಗೊಂದು ಸಣ್ಣ ಭಾರ ಕಟ್ಟಿ ತೂಗಹಾಕಿದರೆ ನೆಟ್ಟಗಾಗುತ್ತದೆ. ಕತ್ತರಿಸಿ ಹೊಲಿದ ಬಟ್ಟೆಗೆ ಈ ಭಾಗ್ಯವಿಲ್ಲ. ಕತ್ತರಿ ಆಡಿದ ಮೇಲೆ ಅದು ಹಿಂದಿರುಗದು. ಹೆಣೆದುದು ಮಾತ್ರ ಮತ್ತೆ ಎಳೆಯಾಗಿ, ಮತ್ತೆ ಬಟ್ಟೆಯಾಗಬಲ್ಲುದು. ಅದೇ ಎಳೆಗೆ ಒಂದಿಷ್ಟು ಹೊಸ ಎಳೆ ಸೇರಿ ದೊಡ್ಡ ಕುಲಾವಿಯಾಯಿತು.

ವಿದ್ಯಾಸಂಸ್ಥೆಗಳನ್ನು ನಡೆಸುವವರೂ ಬೆಳೆಸುವವರೂ ಈ ಸಣ್ಣ ಕುಲಾವಿಯಿಂದ ಗ್ರಹಿಸತಕ್ಕುದುಂಟು. ಕೊಡುವವನ ಹಿರಿಮೆಯನ್ನು ಸಾರುವ ಕೊಡುಗೆಯೊಂದು, ಪಡೆಯುವವನ ಅಳತೆಗೆ ಒದಗುವ ಕೊಡುಗೆಯೊಂದು. ಶರಣರು ದಾನವೆನ್ನದೆ ದಾಸೋಹವೆಂದುದು ಈ ಎರಡನೆಯದನ್ನೇ. ಅಲ್ಲಿ ಕೊಡುವವನು ದೊಡ್ಡವನಲ್ಲ, ಸೇವಕ. ಅಂತೆಯೇ ಮಗುವಿಗೆ ಹೊಂದದ ಪಾಠವನ್ನು ಬಿಚ್ಚಿ ಮತ್ತೆ ಹೆಣೆಯಬಲ್ಲ ಶಿಕ್ಷಕನ ಪಾಂಡಿತ್ಯಕ್ಕೆ ಅದರಿಂದ ಕುಂದೇನೂ ಬಾರದು.

ಕೊಠಾರಿ ಆಯೋಗವು 1966ರ ತನ್ನ ವರದಿಯಲ್ಲಿ ಕಾರ್ಯಾನುಭವವು ಶಿಕ್ಷಣದ ಅಂಗವಾಗಬೇಕೆಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯಕ್ಕೆ ಪಠ್ಯಕ್ರಮದಲ್ಲಿ ಸ್ಥಾನ ಕಲ್ಪಿಸಿತು. ಆದರೂ ಅಕ್ಕೋರು ನಿವೃತ್ತರಾದ ಮರುವರ್ಷ ಅವರ ಶಾಲೆಯ ಹೆಣಿಗೆಯ ಅವಧಿ ಪರೀಕ್ಷೆಯ ವಿಷಯವೊಂದಕ್ಕೆ ಸಂದಿತು. ವಾರದಲ್ಲಿ ಒಂದು ಅವಧಿ, ಮಗುವಿಗೆ ಎರಡು ಕಡ್ಡಿ, 50 ಗ್ರಾಂ ಉಣ್ಣೆ ಇದ್ದರೆ ಸಾಕು. ಗಂಡು-ಹೆಣ್ಣೆಂಬ ಭೇದವಿಲ್ಲದೆ ಎಲ್ಲ ಮಕ್ಕಳೂ ಒಂದೊಂದು ಕುಲಾವಿಯನ್ನು ಹೆಣೆಯಬಲ್ಲರು. ಅವುಗಳ ಅಳತೆಯನ್ನು ಸಮೀಪದ ಹೆರಿಗೆ ಆಸ್ಪತ್ರೆಯ ದಾದಿಯರಿಂದ ಮೊದಲೇ ಕೇಳಿ ತರುವುದೊಳಿತು.