ಸಾಗರದಲ್ಲಿ ಮೂರು ದಿನ, ಒಂದು ಮನೆಯ ಲೆಕ್ಕ

ಮದುವೆಯಾದ ಮೇಲೆ ಇದು ನಮ್ಮ ಎರಡನೇ ಬೇಸಿಗೆ. ಮೊದಲನೇ ವರ್ಷ ಎಲ್ಲರ ಹಾಗೆ ಗಿರಿಧಾಮ ಅಂತ ಹೋಗಿ, ಅರ್ಧ ರಜೆ ಟ್ರಾಫಿಕ್ಕಲ್ಲೇ ಕಳೆದು ಬಂದಿದ್ವಿ. 2025ರ ಮೇ ತಿಂಗಳಲ್ಲಿ ಮಾತ್ರ ಇವರ ಊರು ಸಾಗರವೇ ಸಾಕು ಅಂದ್ಕೊಂಡ್ವಿ. ಒಂದು ಕೆಲಸವೂ ಇತ್ತು. ಬೆಂಗಳೂರಲ್ಲಿ ಫ್ಲ್ಯಾಟ್ ನೋಡಿಟ್ಟಿದ್ವಿ, ಮುಂಗಡಕ್ಕೆ ದುಡ್ಡು ಸಾಲುತ್ತಿರಲಿಲ್ಲ. ಮಾವನೇ ಫೋನ್ ಮಾಡಿ, "ಈ ಮನೆ ಮಾರಿಬಿಡೋಣ, ನಾವೂ ಅಲ್ಲಿಗೇ ಬಂದುಬಿಡ್ತೀವಿ" ಅಂದಿದ್ದರು. ಎದುರು ಕೂತು ಮಾತಾಡಿ ನಿರ್ಧರಿಸೋಣ ಅಂತ ತಾಳಗುಪ್ಪದ ರಾತ್ರಿ ರೈಲು ಹತ್ತಿದೆವು.

ಮೊದಲ ದಿನ ನೀರುದೋಸೆ ತಿಂದು, ಮಾವನ ಸ್ಕೂಟರ್ ತಗೊಂಡು ಇಕ್ಕೇರಿಗೆ ಹೊರಟ್ವಿ. ಊರಿಂದ ಆರು ಕಿಲೋಮೀಟರ್ ಇರಬಹುದು, ಅಷ್ಟೇ. ಅಘೋರೇಶ್ವರ ದೇವಸ್ಥಾನದ ಎದುರು ಮಂಟಪದೊಳಗೆ ದೊಡ್ಡ ನಂದಿ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗಿನ ಕಲ್ಲು ತಣ್ಣಗಿತ್ತು. ಸಂಜೆ ಕೆಳದಿಗೆ ಹೋದರೆ ವೀರಭದ್ರ ಗುಡಿಯ ಮಾಡಿನಲ್ಲಿ ಕೆತ್ತಿದ ಗಂಡಭೇರುಂಡ ನೋಡಿ ಕತ್ತು ನೋಯಿಸ್ಕೊಂಡ್ವಿ. ಕೆಳದಿಯ ಅರಸರು ಮೊದಲು ಕೆಳದಿಯಿಂದ, ಆಮೇಲೆ ಇಕ್ಕೇರಿಯಿಂದ, ಕೊನೆಗೆ ಬಿದನೂರಿನಿಂದ, ಅಂದರೆ ಈಗಿನ ನಗರದಿಂದ ಆಳಿದರು. ಮನೆಗೆ ಬಂದು, "ನೋಡಿ ಅಜ್ಜಿ, ರಾಜರೇ ಎರಡು ಸಲ ಮನೆ ಬದಲಾಯಿಸಿದ್ರು" ಅಂದೆ. ಇವರ ಅಜ್ಜಿಗೆ ಎಂಬತ್ತು. ಹಲಸಿನ ಹಪ್ಪಳ ತಟ್ಟುತ್ತಾ, "ಅವರು ಅವರಾಗೇ ಹೋದ್ರು ಮಾರಾಯ್ತಿ. ನಮ್ಮನ್ನ ನೀರು ಎಬ್ಬಿಸ್ತು" ಅಂದರು.

ಮರುದಿನ ಎಲ್ಲೂ ಹೋಗಲಿಲ್ಲ. ಹಪ್ಪಳ ಒಣಗಿಸೋದು, ಕಾಗೆ ಓಡಿಸೋದು, ಮಧ್ಯಾಹ್ನ ಅಪ್ಪೆಹುಳಿ ಕುಡಿದು ಜಗಲಿಯಲ್ಲಿ ಮಲಗೋದು. ಮನೆಯ ವಿಷಯ ಯಾರೂ ಎತ್ತಲಿಲ್ಲ. ಅಜ್ಜಿಯೇ, "ನಾಳೆ ನನ್ನನ್ನೂ ಹೊಳೆಬಾಗಿಲಿಗೆ ಕರ್ಕೊಂಡು ಹೋಗ್ತೀರಾ?" ಅಂತ ಕೇಳಿದರು. ಅಷ್ಟು ವರ್ಷ ಸಾಗರದಲ್ಲಿದ್ದರೂ ಅವರು ಆ ಕಡೆ ಹೋಗಿದ್ದೇ ಇಲ್ಲವಂತೆ.

ಮೂರನೇ ದಿನ ಕಾರು ಮಾಡಿಕೊಂಡು ಹೋದ್ವಿ. ಅಂಬಾರಗೋಡ್ಲು ಕಡೆಯಿಂದ ಲಾಂಚ್ ಹತ್ತಿದರೆ ಆಚೆ ದಡ ಕಳಸವಳ್ಳಿ. ಬಸ್ಸು, ಜೀಪು, ಬೈಕು, ಸಿಗಂದೂರಿಗೆ ಹೊರಟವರು, ಸಂತೆ ಚೀಲ ಹಿಡಿದವರು, ಎಲ್ಲರೂ ಒಂದೇ ಲಾಂಚಿನಲ್ಲಿ. ಪಕ್ಕದಲ್ಲಿ ಹೊಸ ಸೇತುವೆ ಹೆಚ್ಚುಕಡಿಮೆ ಮುಗಿದು ನಿಂತಿತ್ತು. ನಾವು ಫೋಟೋ ಹೊಡೆಯುವ ಭರದಲ್ಲಿದ್ದರೆ, ಅಜ್ಜಿ ಕಂಬಿ ಹಿಡಿದು ನೀರನ್ನೇ ನೋಡುತ್ತಿದ್ದರು. ಬೇಸಿಗೆಯಲ್ಲಿ ನೀರು ಇಳಿದ ಕಡೆ ಹಳೇ ಮರಗಳ ಬೊಡ್ಡೆಗಳು ಕಪ್ಪಗೆ ತಲೆ ಎತ್ತಿರುತ್ತವೆ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ರಾಜ್ಯಕ್ಕೆ ಕರೆಂಟು ಬಂತು, ಶರಾವತಿ ಕಣಿವೆಯ ಊರುಗಳು ಮುಳುಗಿದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಅದೇ ನೀರಿನಡಿ ಹೋಯಿತು. ನೀರು ತೀರಾ ಇಳಿದ ವರ್ಷ ಮಾತ್ರ ಅದು ಮೇಲೆ ಕಾಣುತ್ತದೆ. ಎದ್ದು ಹೋದ ಎಷ್ಟೋ ಕುಟುಂಬಗಳು ಸಿಕ್ಕ ಭೂಮಿಯ ಹಕ್ಕುಪತ್ರಕ್ಕಾಗಿ ಇವತ್ತಿಗೂ ಓಡಾಡುತ್ತಿವೆ. ಇದನ್ನೆಲ್ಲ ನಾನು ಓದಿ ತಿಳಿದಿದ್ದೆ. ಅಜ್ಜಿ ಹೇಳಿದ್ದು ಬೇರೆ: ಹೊಸ ಜಾಗಕ್ಕೆ ಹೊಡ್ಕೊಂಡು ಹೋದ ದನಗಳು ಮೂರು ಸಲ ಹಗ್ಗ ಕಿತ್ತು ಹಳೇ ಕೊಟ್ಟಿಗೆಗೇ ವಾಪಸ್ ಬಂದಿದ್ದವಂತೆ.

ರಾತ್ರಿ ಜಗಲಿಯಲ್ಲಿ ಮಾವ ಮಾತು ತೆಗೆದರು. ಅಜ್ಜಿ ಬೇಡ ಅನ್ನಲಿಲ್ಲ. "ಮಾರೋದಾದ್ರೆ ಮಾರಿ. ಆದ್ರೆ ಹಗಲು ಹೊತ್ತಲ್ಲಿ ಹೊರಡೋಣ. ಆವತ್ತು ಕತ್ತಲಲ್ಲಿ ಹೊರಟಿದ್ವಿ, ತಿರುಗಿ ನೋಡಿದ್ರೆ ಮನೆ ಕಾಣಲಿಲ್ಲ" ಅಂದರು, ಅಷ್ಟೇ. ಇವರು ನನ್ನ ಮುಖ ನೋಡಿದರು. ಆ ಫ್ಲ್ಯಾಟಿನ ಬಾಲ್ಕನಿಗೆ ಯಾವ ಗಿಡ ಇಡೋದು ಅಂತ ಕೂಡ ನಾನು ಪಟ್ಟಿ ಮಾಡಿಟ್ಟಿದ್ದೆ. "ಇನ್ನೂ ನಾಲ್ಕು ವರ್ಷ ಬಾಡಿಗೆ ಮನೇಲೇ ಇರ್ತೀವಿ ಮಾವ" ಅಂದವಳು ನಾನೇ. ಅತ್ತೆ ಎದ್ದು ಹೋಗಿ ಎಲ್ಲರಿಗೂ ಇನ್ನೊಂದು ಸುತ್ತು ಹಪ್ಪಳ ಕರಿದು ತಂದರು.

ಫ್ಲ್ಯಾಟು ಬೇರೆಯವರಿಗೆ ಹೋಯಿತು. ನಮ್ಮ ಬಾಡಿಗೆಯೂ ಏರಿತು. ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದರೆ ಎರಡು ತಿಂಗಳಿಗೊಮ್ಮೆ ಶುಕ್ರವಾರ ರಾತ್ರಿ ಅದೇ ರೈಲು ಹತ್ತುತ್ತೇವೆ.

ಜುಲೈ 14ಕ್ಕೆ ಸೇತುವೆ ಉದ್ಘಾಟನೆಯಾಯಿತು. ಉದ್ದ ಸುಮಾರು 2.4 ಕಿ.ಮೀ. ಆಚೆ ದಡದವರು ದಶಕಗಟ್ಟಲೆ ಕೇಳಿದ್ದ ಸೇತುವೆ ಅದು. ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕಾದವರ ಕಷ್ಟ ನೆನೆದರೆ, ಲಾಂಚಿನ ಚಂದ ಹೋಯ್ತು ಅಂತ ನಾವು ಪ್ರವಾಸಿಗರು ಕೊರಗಬಾರದು.

ನೀವೂ ಹೋಗೋದಾದರೆ ಇಕ್ಕೇರಿ, ಕೆಳದಿಗೆ ಒಂದು ದಿನ ಸಾಕು. ಜೋಗದ ಭೋರ್ಗರೆತ ಬೇಕಿದ್ದರೆ ಮಳೆಗಾಲಕ್ಕೆ ಕಾಯಿರಿ. ಹಿನ್ನೀರಿನ ಕಡೆ ಹೋಗುವಾಗ ಮಾತ್ರ ಆ ಸೀಮೆಯ ಹಿರಿಯರೊಬ್ಬರನ್ನು ಜೊತೆಗೆ ಕರ್ಕೊಳ್ಳಿ. ಮೊಬೈಲ್ ಮ್ಯಾಪಿನಲ್ಲಿ ಬರೀ ನೀಲಿ ಕಾಣುವ ಜಾಗಕ್ಕೆ ಊರಿನ ಹೆಸರು ಹೇಳುವವರು ಅವರೇ.