ಡಬ್ಬಿಯ ದುಡ್ಡು, ಬ್ಯಾಂಕಿನ ದುಡ್ಡು

ನಮ್ಮ ಅತ್ತೆಯವರಿಗೆ ಬ್ಯಾಂಕೆಂದರೆ ಒಂದು ದೊಡ್ಡ ಡಬ್ಬಿ. ಸಾಸಿವೆ ಡಬ್ಬಿಯಲ್ಲಿಟ್ಟ ನೋಟು ಹೇಗೆ ಅಲ್ಲೇ ಇರುತ್ತದೋ, ತಾವು ಕಟ್ಟಿದ ಹಣವೂ ಹಾಗೆಯೇ ಮೂಡಿಗೆರೆಯ ಬ್ಯಾಂಕಿನಲ್ಲಿ ಗಂಟಾಗಿ ಕೂತಿರುತ್ತದೆಂದು ಅವರು ನಂಬಿದ್ದರು. ನಮ್ಮಲ್ಲಿ ಬಹಳ ಮಂದಿಯ ನಂಬಿಕೆಯೂ ಇದೇ. ಆದರೆ ಬ್ಯಾಂಕು ಸ್ವಲ್ಪ ಹಣವನ್ನು ಕೈಯಲ್ಲಿಟ್ಟುಕೊಂಡು ಮಿಕ್ಕದ್ದನ್ನು ಇನ್ನೊಬ್ಬರಿಗೆ ಸಾಲ ಕೊಡುತ್ತದೆ. ನಾವು ಯಾವತ್ತು ಬೇಕಾದರೂ ಹೋಗಿ ಕೇಳಬಹುದು. ಸಾಲಗಾರನೋ ವರ್ಷಗಟ್ಟಲೆ ತೀರಿಸುತ್ತಾನೆ. ಬ್ಯಾಂಕಿನ ಕಷ್ಟವೆಲ್ಲ ಹುಟ್ಟುವುದು ಇಲ್ಲಿ.

ಆ ಇನ್ನೊಬ್ಬರು ಯಾರು? ಕಾಫಿ ಸೀಮೆಯಲ್ಲಿ ನಾವೇ. ಗೊಬ್ಬರಕ್ಕೆ, ಮರಗಸಿಗೆ, ವಾರದ ಬಟವಾಡೆಗೆ ಸಾಲ ತಂದು ಕಾಫಿ ಮಾರಿ ತೀರಿಸುವುದು ನಮ್ಮ ಕ್ರಮ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡಗಳು ಕರಕಲಾದಾಗ ಇಲ್ಲಿ ಬೆಲೆ ಏರಿತು. ಚಿಕ್ಕಮಗಳೂರಿನಿಂದ ಕಳಸದವರೆಗೆ ಮನೆಗಳಿಗೆ ತಾರಸಿ, ಅಂಗಳಕ್ಕೆ ಜೀಪು ಬಂದವು. ಬೆಲೆ ಏರಿದಾಗ ಸಾಲ ಕೊಡುವವರಿಗೂ ಧೈರ್ಯ, ತರುವವರಿಗೂ ಧೈರ್ಯ. ಆಮೇಲೆ ವಿಯೆಟ್ನಾಂ ರಾಶಿ ರಾಶಿ ರೊಬಸ್ಟಾ ಬೆಳೆಯಿತು. 2001-02ರ ಹೊತ್ತಿಗೆ ಬೆಲೆ ನೆಲಕಚ್ಚಿತು. ಹೂಮಳೆ ಸರಿಯಾಗಿ ಬಂದು ಗಿಡ ತುಂಬಿದರೂ ಕೊಯ್ಲಿನ ಕೂಲಿ ಹುಟ್ಟುವುದು ಅನುಮಾನ. ಆಗ ನಮ್ಮ ತೋಟದ ಬಟವಾಡೆ ನಡೆದದ್ದು ನನ್ನ ನಾಲ್ಕು ಬಳೆಗಳನ್ನು ಅಡವಿಟ್ಟು. ನಮ್ಮ ಯಜಮಾನರು ಬಾಯಿಬಿಟ್ಟು ಕೇಳಲಿಲ್ಲ, ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಸುಮ್ಮನೆ ಕೂತರು. (ಗಂಡಸರು ಹಾಗೆ ಕೂತರೆ ಹೆಂಗಸರಿಗೆ ಅರ್ಥವಾಗಿಬಿಡುತ್ತದೆ.) ಆ ವರ್ಷದ ಮದುವೆಗಳಲ್ಲಿ ಬರೀ ಗಾಜಿನ ಬಳೆ ತೊಟ್ಟು ಓಡಾಡಿದವಳು ನಾನೊಬ್ಬಳೇ ಅಲ್ಲ.

2002ರಲ್ಲಿ ಹಳೆಯ ಕಾಫಿ ಸಾಲಗಳನ್ನು ಒಟ್ಟುಮಾಡಿ ತೀರಿಸಲು ಹೆಚ್ಚು ವರ್ಷ ಕೊಟ್ಟರು. 2010ರಲ್ಲಿ ಸಣ್ಣ ಬೆಳೆಗಾರರಿಗೆ ಸಾಲ ಪರಿಹಾರ ಬಂತು. ನಮ್ಮ ಸಾಲ ಹೀಗೆ ನಿಂತರೂ ದೊಡ್ಡ ಬ್ಯಾಂಕುಗಳು ಮುಳುಗಲಿಲ್ಲ. ಅವುಗಳ ಸಾಲ ದೇಶದ ತುಂಬ ಹರಡಿತ್ತು, ಬೆನ್ನಿಗೆ ಸರ್ಕಾರವೂ ಇತ್ತು. ಸಣ್ಣ ಬ್ಯಾಂಕಿಗೆ ಈ ಆಸರೆಯಿಲ್ಲ. ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ ದೊಡ್ಡ ಸಾಲಗಳು ಮರಳಿ ಬಾರದೆ, 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿತು. ಮೊದಲಿಗೆ ಠೇವಣಿದಾರರು ತೆಗೆಯಬಹುದಾಗಿದ್ದದ್ದು 35,000 ರೂಪಾಯಿ ಮಾತ್ರ. ಅವರಲ್ಲಿ ನಿವೃತ್ತರು ಬಹಳ. ಠೇವಣಿಯ ಬಡ್ಡಿಯಲ್ಲೇ ಔಷಧಿ, ಹಾಲು, ದಿನಸಿ ನಡೆಯಬೇಕಾದವರು.

ಇಂಥ ಕಾಲಕ್ಕೆಂದೇ ಠೇವಣಿ ವಿಮೆ ಇರುವುದು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಚ್ಚಿದ ಮೇಲೆ, 1962ರಿಂದ ಇದು ಶುರುವಾಯಿತು. ಆಗ ಒಬ್ಬರಿಗೆ 1,500 ರೂಪಾಯಿ. 1993ರಿಂದ ಒಂದು ಲಕ್ಷ. 2020ರ ಫೆಬ್ರವರಿಯಿಂದ ಐದು ಲಕ್ಷ. ಒಂದು ಬ್ಯಾಂಕಿನ ಎಲ್ಲ ಶಾಖೆಗಳಲ್ಲಿ ಒಬ್ಬರ ಹೆಸರಿನಲ್ಲಿರುವ ಅಸಲು, ಬಡ್ಡಿ ಎಲ್ಲ ಸೇರಿ ಈ ಐದು ಲಕ್ಷ. ಊರಿನ ಸೊಸೈಟಿಯಲ್ಲಿಟ್ಟ ಹಣಕ್ಕೆ, ಚೀಟಿಗೆ ಈ ವಿಮೆ ಇಲ್ಲ.

ನಮ್ಮ ಮಹಿಳಾ ಸಮಾಜದಲ್ಲಿ ಒಮ್ಮೆ ಇದನ್ನೆಲ್ಲ ಹೇಳಿ, ನಿಮ್ಮ ಹೆಸರಿನ ಹಣ ಯಾವ ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದೆ. ಬಹಳ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಸ್‌ಬುಕ್ಕು ಯಜಮಾನರ ಬೀರುವಿನಲ್ಲಿತ್ತು. ಬೀಗದ ಕೈ ಅವರ ಜೇಬಿನಲ್ಲಿ.