ಬಿಳಿ ಕೊನೆಗೆ

ಬೋಧನಾಭ್ಯಾಸದಲ್ಲಿ ನನಗೆ ಬಂದದ್ದು 8ನೇ ತರಗತಿಯ ಚಿತ್ರಕಲೆ, 40 ನಿಮಿಷದ ಅವಧಿ. ಪಾಠಯೋಜನೆಯಲ್ಲಿ ‘ಹಿಮ ಬಿದ್ದ ಕಾಡು: ತೈಲವರ್ಣ ಪ್ರಾತ್ಯಕ್ಷಿಕೆ’ ಎಂದಿದ್ದನ್ನು ನೋಡಿ ಮಾರ್ಗದರ್ಶಕರು, “ಮಕ್ಕಳ ಪೂರ್ವಜ್ಞಾನ ಏನಮ್ಮಾ? ಹಿಮ ನೋಡಿದವರು ಯಾರಿದ್ದಾರೆ ಇಲ್ಲಿ?” ಎಂದರು. ನ್ಯಾಯವಾದ ಪ್ರಶ್ನೆ. ನಾನೂ ನೋಡಿದವಳಲ್ಲ. ಆದರೂ ಪಾಠ ಬದಲಿಸಲಿಲ್ಲ. ಬಿಳಿ ಎಂದರೆ ಬಣ್ಣ ಹಚ್ಚದೆ ಬಿಟ್ಟ ಹಾಳೆ ಎಂದೇ ಮಕ್ಕಳು ನಂಬಿರುತ್ತಾರೆ. ಆ ನಂಬಿಕೆಯನ್ನು ಅಲುಗಾಡಿಸಲು ಹಿಮಕ್ಕಿಂತ ಒಳ್ಳೆಯ ವಸ್ತು ನನಗೆ ಹೊಳೆಯಲಿಲ್ಲ.

ಎರಡು ಮುದ್ರಿತ ಚಿತ್ರ ಒಯ್ದಿದ್ದೆ. ಒಂದು, ರಷ್ಯಾದ ಇವಾನ್ ಶಿಶ್ಕಿನ್ 1890ರಲ್ಲಿ ಬರೆದ ‘ಚಳಿಗಾಲ’. ದಪ್ಪ ಕಾಂಡಗಳ ದಟ್ಟ ಕಾಡು, ನೆಲದ ತುಂಬ ಹಿಮ. ಇನ್ನೊಂದು, ಫ್ರಾನ್ಸಿನ ಮೋನೆಯ ‘ಮ್ಯಾಗ್‌ಪೈ’; ಬೇಲಿಯ ಮೇಲೆ ಒಂದೇ ಹಕ್ಕಿ, ಹಿಮದ ಮೇಲೆ ಬೇಲಿಯ ನೀಲಿ ನೆರಳು. 1869ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದವರು ಇದನ್ನು ತಿರಸ್ಕರಿಸಿದ್ದರು ಎಂದಾಗ ಹಿಂದಿನ ಬೆಂಚಿನವರಿಗೂ ಕುತೂಹಲ ಹುಟ್ಟಿತು. ರಟ್ಟಿಗೆ ಕಡಲೆಕಾಳಿನಷ್ಟು ತೂತು ಮಾಡಿ ಚಿತ್ರದ ಮೇಲೆ ಸರಿಸಿದೆವು. ಬಿಳಿ ಎಂದುಕೊಂಡಿದ್ದ ಜಾಗದಲ್ಲೆಲ್ಲ ಬೂದು, ನೀಲಿ, ನಸು ಹಳದಿ.

“ನೆರಳು ಕಪ್ಪಲ್ವಾ ಮಿಸ್?” ಎಂದ ಒಬ್ಬ. ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋಗಿ ಬಿಸಿಲಿಗೆ ಬಿಳಿ ಪಂಚೆ ಹಾಸಿದೆ. ಒಬ್ಬ ಕೈ ಚಾಚಿದ. ಉಳಿದವರು ಅದೇ ತೂತಿನಲ್ಲಿ ನೆರಳು ನೋಡಿದರು. ನೇರ ಬಿಸಿಲು ತಪ್ಪಿದ ಕಡೆಗೆ ನೀಲಿ ಆಕಾಶದ ಬೆಳಕು ಮಾತ್ರ ಬೀಳುತ್ತದೆ ಎಂಬುದಕ್ಕೆ ಹೆಚ್ಚು ವಿವರಣೆ ಬೇಕಾಗಲಿಲ್ಲ.

ಆಮೇಲೆ ಕ್ಯಾನ್ವಾಸ್. ಕಿಟಕಿ ತೆರೆಸಿದೆ, ಟರ್ಪೆಂಟೈನ್ ವಾಸನೆ ತಲೆಗೇರುತ್ತದೆ. ಬರ್ನ್ಟ್ ಸಿಯೆನ್ನಾವನ್ನು ಅದರಲ್ಲಿ ತೆಳುವಾಗಿ ಕಲಸಿ ಇಡೀ ಕ್ಯಾನ್ವಾಸಿಗೆ ಸವರಿ ಬಟ್ಟೆಯಿಂದ ಒರೆಸಿದೆ. ಕಂದು ನೆಲ ಸಿಕ್ಕಿದರೆ ಮುಂದೆ ಹಚ್ಚುವ ಬೆಳಕು ಎಷ್ಟೆಂದು ಕಣ್ಣಿಗೆ ತಿಳಿಯುತ್ತದೆ. ದೂರದ ಮರಗಳಿಗೆ ಅಂಚು ಮಸುಕಾದ ನೀಲಿಬೂದು. ಹತ್ತಿರದ ಕಾಂಡಗಳಿಗೆ ಅಲ್ಟ್ರಾಮರೀನ್ ಮತ್ತು ಸಿಯೆನ್ನಾ ಬೆರೆಸಿದ ಗಾಢ ಬಣ್ಣ. ಕಪ್ಪು ಟ್ಯೂಬನ್ನು ನಾನು ತಂದಿರಲೇ ಇಲ್ಲ. ನಂತರ ಹಿಮದ ನೆರಳು. ಕಟ್ಟಕಡೆಗೆ, ಬಿಸಿಲು ಬಿದ್ದ ಅಂಚುಗಳಿಗೆ, ಟೈಟೇನಿಯಂ ವೈಟಿಗೆ ಚಿಟಿಕೆಯಷ್ಟು ಯೆಲ್ಲೋ ಓಕರ್ ಸೇರಿಸಿ ದಪ್ಪಗೆ ಒಂದೇ ಎಳೆತ. ಕೆಳಗಿನ ಬಣ್ಣ ಹಸಿಯಿದ್ದಾಗ ಎರಡನೆಯ ಸಲ ತಿಕ್ಕಿದರೆ ಬಿಳಿ ಕೆಸರಾಗುತ್ತದೆ. ಪ್ರತಿ ಎಳೆತಕ್ಕೂ ಕುಂಚ ಒರೆಸಿಕೊಳ್ಳಬೇಕು. ಗಂಟೆ ಹೊಡೆದರೂ ಎಣ್ಣೆಬಣ್ಣ ಒಣಗುವುದಿಲ್ಲವಾದ್ದರಿಂದ ಇದೆಲ್ಲ ಮೂರು ಅವಧಿಗೆ ಹರಡಿತು. ವೇಳಾಪಟ್ಟಿಗೆ ಈ ಮಾಧ್ಯಮ ಹೇಳಿಸಿದ್ದಲ್ಲ.

ಮಕ್ಕಳಿಗೆ ಪೋಸ್ಟರ್ ಬಣ್ಣ ಕೊಟ್ಟೆ. ಒಬ್ಬಳು ನೀಲಿ ಹಚ್ಚಿ, “ಕೆರೆ ಆಗೋಯ್ತು ಮಿಸ್” ಎಂದು ಮುಖ ಸಣ್ಣದು ಮಾಡಿದಳು. ನಾನು ಕುಂಚ ಮುಟ್ಟಲಿಲ್ಲ, ಪಂಚೆಯನ್ನು ಕಿಟಕಿಯ ಮೇಲೆ ಹರವಿದೆ. ಸ್ವಲ್ಪ ಹೊತ್ತು ನೋಡಿ ನೀಲಿಯ ಪಕ್ಕದಲ್ಲಿ ತಾನೇ ತಿಳಿಹಳದಿ ಎಳೆದಳು. ಕೆರೆ ಹೋಗಿ ನೆರಳಾಯಿತು.

ಇನ್ನೊಬ್ಬ ತೆಂಗಿನ ಮರಗಳ ಮೇಲೆ ಹಿಮ ಸುರಿಸಿದ್ದ. ಮಾರ್ಗದರ್ಶಕರು ನಕ್ಕು, “ಇದಕ್ಕೆಷ್ಟು ಅಂಕ?” ಎಂದರು. ಗರಿಗಳ ನೆರಳು ನೆಲದಲ್ಲಿ ನೀಲಿಯಾಗಿಯೇ ಬಿದ್ದಿತ್ತು. ಹತ್ತಕ್ಕೆ ಒಂಬತ್ತು ಕೊಟ್ಟೆ.